ಹಕ್ಕಿಗಳಿಗಾಗಿ ಖಾಲಿಯಾದ ಊರು

ಅಮ್ಮ ಮೆಲ್ಬರ್ನ್‌ಗೆ ಬಂದು ಎರಡು ವಾರವಾಗಿತ್ತು. ದೇವಸ್ಥಾನ, ಟ್ರಾಮ್, ಇಂಡಿಯನ್ ಅಂಗಡಿ ಎಲ್ಲ ತೋರಿಸಿ ಮುಗಿದಿತ್ತು. "ಇನ್ನು ನೋಡೋಕೆ ಎಂತ ಇದೆ?" ಅಂದಳು. "ಪೆಂಗ್ವಿನ್ ಇದೆ, ಬಾ" ಅಂದೆ. ನಂಬಲಿಲ್ಲ. ಪೆಂಗ್ವಿನ್ ಅಂದರೆ ಹಿಮದ ಮೇಲೆ ನಿಂತಿರುವ ಪ್ರಾಣಿ ಅಂತ ಅವಳ ಲೆಕ್ಕ. (ನನ್ನದೂ ಅದೇ ಲೆಕ್ಕವಿತ್ತು, ಇಲ್ಲಿಗೆ ಬರುವವರೆಗೆ.)

ಅಂತೂ ಡಿಸೆಂಬರಿನ ಒಂದು ಶನಿವಾರ ಟೂರ್ ಬಸ್ಸು ಹತ್ತಿದೆವು. ಮಧ್ಯಾಹ್ನ ಹೊರಟು ನಡುರಾತ್ರಿಗೆ ವಾಪಸ್ ತಂದು ಬಿಡುವ ಒಂದು ದಿನದ ಪ್ರವಾಸ. ಹೋಗುವುದು ಫಿಲಿಪ್ ಐಲೆಂಡಿಗೆ, ಮೆಲ್ಬರ್ನ್‌ನಿಂದ ಸುಮಾರು 140 ಕಿಲೋಮೀಟರ್. ದ್ವೀಪ ಅಂದರೂ ದೋಣಿ ಬೇಕಿಲ್ಲ, ಸೇತುವೆ ಇದೆ. ಬಸ್ಸಿನಲ್ಲಿ ಗೈಡ್ ಹೇಳಿದ ಒಂದು ಮಾತು, ಅದಕ್ಕೆ ಅಮ್ಮ ಕೇಳಿದ ಒಂದು ಪ್ರಶ್ನೆ, ಇವೆರಡೂ ತಲೆಯಿಂದ ಹೋಗಲೇ ಇಲ್ಲ. ಮನೆಗೆ ಬಂದು ದ್ವೀಪದ ಚರಿತ್ರೆ ಓದುತ್ತಾ ಕೂತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೈಡ್ ಹೇಳಿದ್ದು ಇಷ್ಟು: "ಈಗ ನೀವು ನೋಡಲಿರುವ ಜಾಗದಲ್ಲಿ ಒಂದು ಊರಿತ್ತು. ಪೆಂಗ್ವಿನ್‌ಗಳಿಗಾಗಿ ಸರ್ಕಾರ ಆ ಊರನ್ನೇ ಕೊಂಡುಕೊಂಡು ತೆಗೆದುಹಾಕಿತು."

ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದಳು, "ಹೌದಾ? ಅವ್ರಿಗೆ ಎಷ್ಟು ಕೊಟ್ರಂತೆ?"

ಬೇರೆ ಯಾರಾದರೂ ಕೇಳಿದ್ದರೆ ನಗುತ್ತಿದ್ದೆನೋ ಏನೋ. ಅಮ್ಮನ ತವರು ಸಾಗರದ ಕಡೆ, ಶರಾವತಿ ದಡದ ಒಂದು ಹಳ್ಳಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯೆಂದು ಊರು ಬಿಟ್ಟಾಗ ಅವಳಿಗೆ ಏಳೆಂಟು ವರ್ಷ. ಊರು ಖಾಲಿ ಮಾಡಿಸಿದರು ಎಂಬ ಮಾತು ಕಿವಿಗೆ ಬಿದ್ದರೆ ಅವಳಿಗೆ ಮೊದಲು ನೆನಪಾಗುವುದು ಪೆಂಗ್ವಿನ್ ಅಲ್ಲ.

ಸರಿ, ದ್ವೀಪದ ಕಥೆಗೆ ಬರೋಣ.

ಈ ದ್ವೀಪ ಮೂಲತಃ ಬೂನ್‌ವುರುಂಗ್ ಜನರದ್ದು. ಅವರು ಇದನ್ನು ಮಿಲೌಲ್ ಎಂದು ಕರೆಯುತ್ತಾರೆ. ಋತುವಿಗೆ ತಕ್ಕಂತೆ ಇಲ್ಲಿಗೆ ಬಂದು ಚಿಪ್ಪುಮೀನು, ಕಡಲಹಕ್ಕಿ ಹಿಡಿದು ಬದುಕುತ್ತಿದ್ದವರು. 1798ರಲ್ಲಿ ಜಾರ್ಜ್ ಬಾಸ್ ಎಂಬ ಇಂಗ್ಲಿಷ್ ವೈದ್ಯ ಸಿಡ್ನಿಯಿಂದ ಒಂದು ಸಣ್ಣ ದೋಣಿಯಲ್ಲಿ ಕರಾವಳಿ ಹಿಡಿದು ಈ ಕೊಲ್ಲಿಗೆ ಬಂದ. ಅವನ ಹಿಂದೆಯೇ ಸೀಲ್ ಬೇಟೆಗಾರರು ಬಂದರು. ತುಪ್ಪಳಕ್ಕಾಗಿ, ಎಣ್ಣೆಗಾಗಿ ಸೀಲ್‌ಗಳನ್ನು ಬಡಿದು ಕೊಂದರು. ಅಷ್ಟೇ ಅಲ್ಲ, ಬೂನ್‌ವುರುಂಗ್ ಹೆಂಗಸರನ್ನು ಹೊತ್ತುಕೊಂಡು ಹೋಗಿ ಬಾಸ್ ಜಲಸಂಧಿಯ ದ್ವೀಪಗಳಲ್ಲಿ ಇಟ್ಟುಕೊಂಡ ದಾಖಲೆಗಳಿವೆ. 1842ರಲ್ಲಿ ಮ್ಯಾಕ್‌ಹ್ಯಾಫಿ ಸಹೋದರರು ಇಡೀ ದ್ವೀಪವನ್ನು ಕುರಿ ಮೇಯಿಸಲು ಗುತ್ತಿಗೆಗೆ ಪಡೆದರು. ಗುತ್ತಿಗೆ ಕೊಟ್ಟದ್ದು ಸರ್ಕಾರ. ಮೊದಲಿನ ಒಡೆಯರನ್ನು ಯಾರೂ ಕೇಳಲಿಲ್ಲ. ಅಮ್ಮನ ಪ್ರಶ್ನೆಗೆ ಇಲ್ಲಿನ ಉತ್ತರ: ಏನೂ ಕೊಡಲಿಲ್ಲ. 1868ರಲ್ಲಿ ಅದೇ ಭೂಮಿಯನ್ನು ತುಂಡು ತುಂಡು ಮಾಡಿ ರೈತರಿಗೆ ಹಂಚಿದರು.

ಇಷ್ಟೆಲ್ಲ ನಡೆಯುವಾಗ ಪೆಂಗ್ವಿನ್‌ಗಳು ಎಂದಿನಂತೆ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದವು.

ಇವು ಪೆಂಗ್ವಿನ್‌ಗಳಲ್ಲೇ ಅತಿ ಚಿಕ್ಕವು. ಎತ್ತರ ಸುಮಾರು 33 ಸೆಂಟಿಮೀಟರ್, ಅಂದರೆ ಶಾಲೆಯ ಸ್ಕೇಲಿಗಿಂತ ಸ್ವಲ್ಪ ಜಾಸ್ತಿ. ತೂಕ ಒಂದು ಕೆಜಿ ಆಸುಪಾಸು. ಬೆನ್ನು ನೀಲಿ, ಹೊಟ್ಟೆ ಬಿಳಿ. ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು, ಹದ್ದುಗಳ ಕಣ್ಣಿಗೆ ಬೀಳದಂತೆ ಕತ್ತಲಾದ ಮೇಲೆ ದಡಕ್ಕೆ ಬರುತ್ತವೆ. ಮರಳು ದಾಟಿ ದಿಬ್ಬ ಹತ್ತಿ ತಮ್ಮ ತಮ್ಮ ಬಿಲ ಸೇರುತ್ತವೆ. ನೀರಿನಲ್ಲಿ ಎಷ್ಟು ಚುರುಕೋ ನೆಲದ ಮೇಲೆ ಅಷ್ಟೇ ಅಸಹಾಯಕ. ನರಿಗೋ ನಾಯಿಗೋ ಸಿಕ್ಕರೆ ಕಥೆ ಮುಗಿಯಿತು.

1920ರ ದಶಕದಲ್ಲಿ ದ್ವೀಪದ ಮೂವರು ಟಾರ್ಚ್ ಹಿಡಿದು ಪ್ರವಾಸಿಗರನ್ನು ಸಮ್ಮರ್‌ಲ್ಯಾಂಡ್ ಕಡಲತೀರಕ್ಕೆ ಕರೆದೊಯ್ಯತೊಡಗಿದರು. 'ಪೆಂಗ್ವಿನ್ ಪೆರೇಡ್' ಹುಟ್ಟಿದ್ದು ಹಾಗೆ. ಅದೇ ದಶಕದಲ್ಲಿ ಅದೇ ತೀರದ ಹಿಂದಿನ ಭೂಮಿಯನ್ನು ಸೈಟುಗಳಾಗಿ ಮಾಡಿ ಮಾರಲು ಶುರುಮಾಡಿದರು. 'ಸಮ್ಮರ್‌ಲ್ಯಾಂಡ್ ಎಸ್ಟೇಟ್' ಅಂತ ಹೆಸರು. 1940ರಲ್ಲಿ ಮೊದಲ ಸೇತುವೆ ಬಂತು, 1969ರಲ್ಲಿ ಈಗಿನ ಸೇತುವೆ. ಕಾರಿನಲ್ಲಿ ನೇರ ಬರಬಹುದು ಎಂದಾದ ಮೇಲೆ ಕೇಳಬೇಕೆ? ರಜೆ ಕಳೆಯುವ ಮನೆಗಳು ಎದ್ದವು. ನೂರೆಂಬತ್ತಕ್ಕೂ ಹೆಚ್ಚು ಮನೆ, ಒಂದು ಮೋಟೆಲ್, ಅಂಗಡಿ, ರಸ್ತೆ, ಸಾಕುನಾಯಿ, ಬೆಕ್ಕು.

ಪೆಂಗ್ವಿನ್ ಚೆಂದ ಅಂತಲೇ ಜನ ಬಂದದ್ದು. ಆದರೆ ರಾತ್ರಿ ಬಿಲಕ್ಕೆ ಹೋಗುವ ಹಕ್ಕಿ ಆ ಜನರ ಕಾರಿನಡಿಗೆ ಸಿಕ್ಕಿತು, ಅವರ ನಾಯಿಗೆ ಸಿಕ್ಕಿತು. ಮೇಲಿಂದ ನರಿಯ ಕಾಟ ಬೇರೆ. ಈ ನರಿಯೂ ಇಲ್ಲಿಯದಲ್ಲ. ಬಿಳಿಯರು ಬೇಟೆಯಾಡುವ ಮೋಜಿಗೆ 19ನೇ ಶತಮಾನದಲ್ಲಿ ಯುರೋಪಿನಿಂದ ತಂದು ವಿಕ್ಟೋರಿಯಾದಲ್ಲಿ ಬಿಟ್ಟದ್ದು. 20ನೇ ಶತಮಾನದ ಆರಂಭಕ್ಕೆ ಅದು ದ್ವೀಪಕ್ಕೂ ಬಂದಿತ್ತು. ಹಸಿವಿಗೆ ಒಂದು ಕೊಂದು ಸುಮ್ಮನಾಗುವ ಜಾತಿಯೂ ಅಲ್ಲ, ಒಂದೇ ರಾತ್ರಿ ಹತ್ತಾರು ಕೊಂದು ಹಾಕಿ ಹೋಗುತ್ತದೆ. ಒಂದು ಕಾಲಕ್ಕೆ ದ್ವೀಪದಲ್ಲಿ ಪೆಂಗ್ವಿನ್‌ಗಳ ಹತ್ತು ನೆಲೆಗಳಿದ್ದವು. 1980ರ ದಶಕದ ಹೊತ್ತಿಗೆ ಉಳಿದದ್ದು ಒಂದೇ, ಸಮ್ಮರ್‌ಲ್ಯಾಂಡಿನದು.

ಇದು ಗೊತ್ತಾದದ್ದು ಹೇಗೆ? ಎಣಿಸುವವರು ಇದ್ದರು. 1968ರಲ್ಲಿ ಪೌಲಿನ್ ರೈಲಿ ಎಂಬ ಹಕ್ಕಿ ಅಧ್ಯಯನಕಾರ್ತಿಯ ನೇತೃತ್ವದಲ್ಲಿ ಸ್ವಯಂಸೇವಕರ ಒಂದು ಗುಂಪು ಪೆಂಗ್ವಿನ್‌ಗಳಿಗೆ ಗುರುತಿನ ಪಟ್ಟಿ ಹಾಕಿ ಲೆಕ್ಕ ಇಡತೊಡಗಿತು. ಸಂಬಳವಿಲ್ಲದ ಕೆಲಸ. ಹೀಗೇ ಬಿಟ್ಟರೆ ಈ ಕೊನೆಯ ನೆಲೆಯೂ ಉಳಿಯುವುದಿಲ್ಲ ಎಂದು ಹೇಳಲು ಸರ್ಕಾರದ ಮುಂದೆ ಇಡಬಹುದಾದ ಅಂಕಿಸಂಖ್ಯೆ ಸಿಕ್ಕಿದ್ದು ಇಂಥ ವರ್ಷಗಳ ದುಡಿಮೆಯಿಂದ.

1985ರಲ್ಲಿ ವಿಕ್ಟೋರಿಯಾ ಸರ್ಕಾರ ತೀರ್ಮಾನ ಮಾಡಿತು: ಎಸ್ಟೇಟಿನ ಎಲ್ಲ ಆಸ್ತಿಯನ್ನೂ ಕೊಂಡುಕೊಳ್ಳುವುದು, ಮನೆ ತೆಗೆಯುವುದು, ಭೂಮಿಯನ್ನು ಹಕ್ಕಿಗೆ ಬಿಡುವುದು. ಹೇಳಿದಷ್ಟು ಸುಲಭದ ಕೆಲಸವಲ್ಲ. ಮಕ್ಕಳು ಮೊಮ್ಮಕ್ಕಳ ಬೇಸಿಗೆ ರಜೆಯೆಲ್ಲ ಕಳೆದ ಮನೆಗಳು ಅವು. ಒಂದೊಂದೇ ಮನೆ, ಒಂದೊಂದೇ ಸೈಟು ಕೊಳ್ಳುತ್ತಾ ಕೊನೆಯದು ಮುಗಿದದ್ದು 2010ರಲ್ಲಿ. ಇಪ್ಪತ್ತೈದು ವರ್ಷ! ಮನೆ ಇದ್ದಲ್ಲಿ ಅಲ್ಲಿಯದೇ ಗಿಡ ನೆಟ್ಟರು. ಮರದ ಗೂಡುಪೆಟ್ಟಿಗೆಗಳನ್ನು ಇಟ್ಟರು. ನರಿಗಳ ಹಿಂದೆ ಬಿದ್ದು, 2017ರಲ್ಲಿ ದ್ವೀಪ ನರಿಮುಕ್ತ ಎಂದು ಘೋಷಿಸಿದರು. ಈಗ ಇಲ್ಲಿ ಸುಮಾರು 40,000 ಪೆಂಗ್ವಿನ್‌ಗಳಿವೆ ಎಂದು ಅಂದಾಜು. 2022ರ ಮೇ 3ರಂದು ಒಂದೇ ಸಂಜೆ 5,219 ಪೆಂಗ್ವಿನ್‌ಗಳು ದಡ ಹತ್ತಿದ್ದು ಆವರೆಗಿನ ದಾಖಲೆ. ಹೌದು, ಈಗಲೂ ದಿನಾ ಸಂಜೆ ಎಣಿಸುತ್ತಾರೆ.

ಪ್ರವಾಸೋದ್ಯಮ ಪ್ರಕೃತಿಗೆ ಶತ್ರು ಅಂತ ಒಂದೇ ಏಟಿಗೆ ಬರೆದುಬಿಡುವುದು ಸುಲಭ. ಇಲ್ಲಿ ನೋಡಲು ಬಂದವರಿಂದಲೇ ಪೆಂಗ್ವಿನ್ ಅಳಿಯುವ ಹಂತಕ್ಕೆ ಬಂತು, ಉಳಿದದ್ದೂ ನೋಡಲು ಬರುವವರಿಂದಲೇ. ನಾವು ಕೊಟ್ಟ ಟಿಕೆಟ್ಟಿನ ಹಣ ಈ ಕಾವಲಿಗೂ ಸಂಶೋಧನೆಗೂ ಹೋಗುತ್ತದೆ. ವ್ಯತ್ಯಾಸ ಇಷ್ಟೇ: ಮೊದಲು ಪ್ರವಾಸಿ ಎಲ್ಲಿ ಬೇಕಾದರೂ ಓಡಾಡುತ್ತಿದ್ದ, ಈಗ ಹೇಳಿದ ಕಡೆ ಕೂರುತ್ತಾನೆ.

ನಾವೂ ಕೂತೆವು. ಬೇಸಿಗೆಯಾದ್ದರಿಂದ ಸೂರ್ಯ ಮುಳುಗಿದ್ದು ಎಂಟೂವರೆ ದಾಟಿದ ಮೇಲೆ. ಮೊಬೈಲ್, ಕ್ಯಾಮೆರಾ ತೆಗೆಯುವಂತಿಲ್ಲ. (ಹಾಗಾಗಿ ಈ ಬರಹಕ್ಕೆ ಫೋಟೋ ಇಲ್ಲ, ಕ್ಷಮಿಸಿ!) ಗಾಳಿ ಬೇರೆ ಜೋರು. ಅಮ್ಮ ಸೀರೆಯ ಮೇಲೆ ನನ್ನ ಜಾಕೆಟ್ ಹಾಕಿಕೊಂಡು, ಶಾಲು ತಲೆಗೆ ಸುತ್ತಿಕೊಂಡು ಕೂತಿದ್ದಳು. ಕತ್ತಲಾಗುತ್ತಿದ್ದಂತೆ ನೊರೆಯ ನಡುವೆ ಏನೋ ಕಪ್ಪಗೆ ಕಂಡಿತು. ಏಳೆಂಟು ಪೆಂಗ್ವಿನ್‌ಗಳು ಎದ್ದು ನಿಂತವು, ಆಚೀಚೆ ನೋಡಿದವು, ಹೆದರಿ ಮತ್ತೆ ನೀರಿಗೆ ಓಡಿದವು. ಮತ್ತೆ ಬಂದವು. ಇನ್ನೂ ನಾಲ್ಕು ಸೇರಿದ ಮೇಲೆ ಧೈರ್ಯ ಬಂತೋ ಏನೋ, ಎಲ್ಲ ಒಟ್ಟಿಗೆ ಮರಳಿನ ಮೇಲೆ ತುರುತುರು ನಡೆದವು.

"ಕತ್ತಲೆಯಲ್ಲಿ ಮನೆ ಹೆಂಗೆ ಗೊತ್ತಾಗ್ತದೆ ಇವಕ್ಕೆ?" ಅಂದಳು ಅಮ್ಮ.

"ಪ್ರತಿಸಲ ಅದೇ ಜಾಗಕ್ಕೇ ಬರ್ತಾವಂತೆ ಅಮ್ಮ."

ಅವಳು ಮಾತಾಡಲಿಲ್ಲ. ಹಿಂತಿರುಗುವಾಗ ಮರದ ದಾರಿಯ ಪಕ್ಕ, ನಮ್ಮ ಕಾಲಿನಿಂದ ಒಂದು ಮಾರು ದೂರದಲ್ಲಿ, ಬಿಲದ ಬಾಯಲ್ಲಿ ನಿಂತ ಮರಿಯೊಂದು ಅರಚುತ್ತಿತ್ತು. ಅಲ್ಲಿ ತುಂಬಾ ಹೊತ್ತು ನಿಂತಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳಿದೆ: ಇಲ್ಲಿಯವರು ಕಳೆದುಕೊಂಡದ್ದು ಹೆಚ್ಚಾಗಿ ರಜೆಯ ಮನೆ, ಸರ್ಕಾರ ದುಡ್ಡು ಕೊಟ್ಟು ಕೊಂಡುಕೊಂಡಿತು, ಇಪ್ಪತ್ತೈದು ವರ್ಷ ತೆಗೆದುಕೊಂಡಿತು. ಅದಕ್ಕೂ ಮೊದಲಿನವರಿಗೆ ಏನೂ ಸಿಗಲಿಲ್ಲ ಎಂಬುದನ್ನು ಆಮೇಲೆ ಓದಿ ಹೇಳಿದೆ. ಶರಾವತಿ ಮುಳುಗಡೆಯವರ ಭೂಮಿಯ ಹಕ್ಕಿನ ವಿಷಯ ಅರವತ್ತು ವರ್ಷ ಕಳೆದರೂ ಪೇಪರಿನಲ್ಲಿ ಬರುತ್ತಲೇ ಇದೆ. ಅದನ್ನು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

"ಪಾಪದ ಹಕ್ಕಿ, ಅದಕ್ಕೆ ಜಾಗ ಬಿಟ್ಟಿದ್ದು ಒಳ್ಳೇದೇ ಆಯ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕೇಳಿ, ದುಡ್ಡು ಕೊಟ್ಟು ಬಿಡಿಸ್ಕಂಡ್ರಲ್ಲ, ಅದು ಸರಿ" ಅಂತ ಸೇರಿಸಿದಳು. ಆಮೇಲೆ ತನ್ನ ಊರಿನ ಮನೆಗಳ ಹೆಸರು ಹೇಳತೊಡಗಿದಳು. ಕೆಳಗಿನ ಮನೆ, ಹೊಳೆಬದಿ ಮನೆ, ದೊಡ್ಡಮನೆ... ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಅವಳೂ ಹೇಳಿರಲಿಲ್ಲ.

ಇಲ್ಲಿ ಪೆಂಗ್ವಿನ್‌ಗಳನ್ನು ದಿನಾ ಎಣಿಸಿ ಬರೆದಿಡುತ್ತಾರೆ. ನಾನೂ ಆ ರಾತ್ರಿ ಹೆಸರುಗಳನ್ನು ಬರೆದಿಟ್ಟುಕೊಂಡೆ, ಹನ್ನೊಂದು ಮನೆಗಳಾದವು. ನಿಮ್ಮ ಮನೆಯಲ್ಲೂ ಮುಳುಗಿದ ಊರಿನ ಹಿರಿಯರು ಯಾರಾದರೂ ಇದ್ದರೆ ಒಮ್ಮೆ ಕೂತು ಕೇಳಿ, ಬರೆದಿಟ್ಟುಕೊಳ್ಳಿ.