ಸಲಹೆಗಾರರ ಹೊರಕೋಣೆ: ದೆಹಲಿಯ ವಿಜ್ಞಾನ ಸಲಹಾ ವ್ಯವಸ್ಥೆಯಲ್ಲಿ ಆಪ್ತ ಕಾರ್ಯದರ್ಶಿ

ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಹುದ್ದೆ ಹುಟ್ಟಿದ್ದು 1999ರ ನವೆಂಬರಿನಲ್ಲಿ. ಎ.ಪಿ.ಜೆ. ಅಬ್ದುಲ್ ಕಲಾಂ, ಆರ್. ಚಿದಂಬರಂ, ಕೆ. ವಿಜಯರಾಘವನ್, ಅಜಯ್ ಕುಮಾರ್ ಸೂದ್, ಹೀಗೆ ನಾಲ್ವರು ಆ ಕುರ್ಚಿಯಲ್ಲಿ ಕೂತಿದ್ದಾರೆ. ಅವರ ಭಾಷಣಗಳು, ವರದಿಗಳು, ಸಮಿತಿಗಳ ಬಗ್ಗೆ ಬರವಣಿಗೆಗೆ ಕೊರತೆಯಿಲ್ಲ. ಅವರ ಕೋಣೆಗೆ ಹೋಗಬೇಕಾದರೆ ದಾಟಲೇಬೇಕಾದ ಇನ್ನೊಂದು ಸಣ್ಣ ಕೋಣೆಯಿದೆ. ವಿಜ್ಞಾನ ನೀತಿಯ ಇತಿಹಾಸಕಾರರು ಆ ಕೋಣೆಯಲ್ಲಿ ನಿಲ್ಲದೆ ನೇರವಾಗಿ ಒಳಗೆ ಹೋಗಿಬಿಡುತ್ತಾರೆ. ಈ ಲೇಖನ ಆ ಹೊರಕೋಣೆಯ ಬಗ್ಗೆ.

ನನ್ನ ವಾದ ಇಷ್ಟು: ಇಲಾಖೆಯ ಕಾರ್ಯದರ್ಶಿಗಿಂತ ವಿಜ್ಞಾನ ಸಲಹೆಗಾರರಿಗೆ ಆಪ್ತ ಕಾರ್ಯದರ್ಶಿಯ ಅಗತ್ಯ ಹೆಚ್ಚು. ಇಲಾಖೆಯ ಕಾರ್ಯದರ್ಶಿಯ ಕೈಯಲ್ಲಿ ಅನುದಾನವಿದೆ, ಮಂಜೂರಾತಿಯ ಅಧಿಕಾರವಿದೆ, ಕೆಳಗೆ ಶಾಖೆಗಳ ಸಾಲೇ ಇದೆ. ಅವರ ಮಾತು ನಿಧಾನವಾಗಿಯಾದರೂ ನಡೆದೇ ನಡೆಯುತ್ತದೆ. ಸಲಹೆಗಾರರ ಹತ್ತಿರ ಇರುವುದು ಮೂರೇ: ದಿನದ ಕೆಲವು ಗಂಟೆ, ಯಾರನ್ನಾದರೂ ಭೇಟಿಯಾಗುವ ಅವಕಾಶ, ಕಳಿಸಬಹುದಾದ ಒಂದು ಕಾಗದ. ಮೂರೂ ಹಾದುಹೋಗುವುದು ಹೊರಕೋಣೆಯ ಆ ಮೇಜಿನ ಮೇಲಿಂದಲೇ.

ದೆಹಲಿಯಲ್ಲಿ ಆಪ್ತ ಕಾರ್ಯದರ್ಶಿ ಎಂದರೆ ಎರಡು ಬೇರೆ ಬೇರೆ ಜಾತಿಯ ಹುದ್ದೆ. ಕೇಂದ್ರ ಸಚಿವರ ಆಪ್ತ ಕಾರ್ಯದರ್ಶಿ ಸಾಮಾನ್ಯವಾಗಿ ಉಪಕಾರ್ಯದರ್ಶಿ ಅಥವಾ ನಿರ್ದೇಶಕರ ದರ್ಜೆಯ ಅಧಿಕಾರಿ, ಎಷ್ಟೋ ಸಲ ಐಎಎಸ್. ಸಚಿವರು ಹೋದ ದಿನ ಅವರೂ ಹೋಗುತ್ತಾರೆ. ಇನ್ನೊಬ್ಬರು ಕೇಂದ್ರ ಸಚಿವಾಲಯದ ಶೀಘ್ರಲಿಪಿಗಾರರ ಸೇವೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದವರು. ಸ್ಟೆನೋ ಆಗಿ ಸೇರಿ, ಪಿಎ ಆಗಿ, ಬಡ್ತಿ ಪಡೆದು ಪಿಎಸ್ ಎನಿಸಿಕೊಂಡ ಗೆಜೆಟೆಡ್ ಅಧಿಕಾರಿ. ಮುಂದೆ ಹಿರಿಯ ಪಿಪಿಎಸ್ (ಪ್ರಧಾನ ಆಪ್ತ ಕಾರ್ಯದರ್ಶಿ), ಪಿಎಸ್‌ಒ (ಪ್ರಧಾನ ಸಿಬ್ಬಂದಿ ಅಧಿಕಾರಿ) ತನಕ ದಾರಿಯಿದೆ. ಅಧಿಕಾರಿಗಳು ಬದಲಾದರೂ ಇವರು ಸಚಿವಾಲಯದಲ್ಲೇ ಉಳಿಯುತ್ತಾರೆ. ಕಚೇರಿಯ ನೆನಪು ಉಳಿಯುವುದೂ ಇವರ ಹತ್ತಿರವೇ. ಈ ಲೇಖನದ ನಾಯಕರು ಈ ಎರಡನೆಯವರು.

ಇವರ ಪ್ರವೇಶದ್ವಾರ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಕೌಶಲ ಪರೀಕ್ಷೆ. ಹತ್ತು ನಿಮಿಷ ಉಕ್ತಲೇಖನ; ‘ಸಿ’ ದರ್ಜೆಗೆ ನಿಮಿಷಕ್ಕೆ 100 ಪದ, ‘ಡಿ’ ದರ್ಜೆಗೆ 80. ಬರೆದುಕೊಂಡದ್ದನ್ನು ‘ಸಿ’ ದರ್ಜೆಯವರು ಇಂಗ್ಲಿಷಾದರೆ 40 ನಿಮಿಷದಲ್ಲಿ, ‘ಡಿ’ ದರ್ಜೆಯವರು 50 ನಿಮಿಷದಲ್ಲಿ ಕಂಪ್ಯೂಟರಿನಲ್ಲಿ ಟೈಪು ಮಾಡಿ ಕೊಡಬೇಕು. ಹಿಂದಿಗೆ ಕಾಲಾವಕಾಶ ಸ್ವಲ್ಪ ಹೆಚ್ಚು. ಭಾಷೆ ಈ ಎರಡೇ. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಶೀಘ್ರಲಿಪಿ ಕಲಿತು ಕರ್ನಾಟಕದ ಮಂಡಳಿಯ ಪರೀಕ್ಷೆಯಲ್ಲಿ ಎಷ್ಟೇ ಅಂಕ ತೆಗೆದರೂ ಆ ಪ್ರಮಾಣಪತ್ರ ವಿಧಾನಸೌಧದವರೆಗೆ ಒಯ್ಯುತ್ತದೆಯೇ ಹೊರತು ರೈಸಿನಾ ಗುಡ್ಡ ಹತ್ತಿಸುವುದಿಲ್ಲ. ದೆಹಲಿಗೆ ಹೋದವರು ಇಂಗ್ಲಿಷ್ ಪಿಟ್‌ಮನ್ ಶೀಘ್ರಲಿಪಿ ಕಲಿತೇ ಹೋದರು. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸು, ಅಲ್ಲೇ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘ, ಮಕ್ಕಳಿಗೆ ಲೋಧಿ ಎಸ್ಟೇಟಿನ ಕನ್ನಡ ಶಾಲೆ: ರಾಜಧಾನಿಯ ಕನ್ನಡ ನೌಕರವರ್ಗದ ನಕ್ಷೆಯನ್ನು ಹೀಗೆ ಮೂರು ಗುರುತಿನಲ್ಲಿ ಬರೆಯಬಹುದು.

ಆಪ್ತ ಸಿಬ್ಬಂದಿಯ ಕೆಲಸವೇನೆಂದು ಕೇಂದ್ರ ಸಚಿವಾಲಯದ ಕಚೇರಿ ಕಾರ್ಯವಿಧಾನದ ಕೈಪಿಡಿ ಹೇಳುತ್ತದೆ. ಉಕ್ತಲೇಖನ ಬರೆದುಕೊಳ್ಳುವುದು, ಭೇಟಿಯ ವೇಳೆ ಗೊತ್ತುಮಾಡುವುದು, ಫೋನನ್ನೂ ಬಂದವರನ್ನೂ ಯಾರಿಗೂ ನೋವಾಗದಂತೆ ಸೋಸುವುದು, ಕಡತ ಯಾವಾಗ ಬಂತು ಎಲ್ಲಿಗೆ ಹೋಯಿತು ಎಂದು ಗುರುತಿಟ್ಟುಕೊಳ್ಳುವುದು, ಅಧಿಕಾರಿಯ ನಿಯಮಪುಸ್ತಕಗಳಿಗೆ ತಿದ್ದುಪಡಿ ಅಂಟಿಸುವುದು. ಓದುತ್ತಾ ಹೋದರೆ ಗುಮಾಸ್ತಗಿರಿಯ ಪಟ್ಟಿಯಂತೆಯೇ ಕಾಣುತ್ತದೆ. ಅದರಲ್ಲೇ ಒಂದು ವಿಧಿಯಿದೆ: ರಹಸ್ಯ ಹಾಗೂ ಗೌಪ್ಯ ಪತ್ರಗಳನ್ನು ಟೈಪು ಮಾಡಿ ಕಳಿಸಿದ ಮೇಲೆ ಅವುಗಳ ಶೀಘ್ರಲಿಪಿ ಹಾಳೆಗಳನ್ನು ಸುಟ್ಟುಹಾಕಬೇಕು. ಸಂಶೋಧಕನ ಕಣ್ಣಿಗೆ ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲಿಲ್ಲ. ಸಲಹೆಗಾರರು ಮೊದಲು ಆಡಿದ ಮಾತಿಗೂ ಕೊನೆಗೆ ಸಹಿ ಹಾಕಿದ ಮಾತಿಗೂ ನಡುವಿನ ಅಂತರವನ್ನು ಬಲ್ಲ ಏಕೈಕ ದಾಖಲೆ ಆ ಹಾಳೆ. ಅದು ಬೂದಿಯಾಗಬೇಕೆಂಬುದೇ ನಿಯಮ.

ಆ ಅಂತರ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಪಿಟ್‌ಮನ್ ಪದ್ಧತಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. 1837ರಲ್ಲಿ ಪ್ರಕಟವಾದ ಈ ಲಿಪಿ ಕಾಗುಣಿತವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿಯುತ್ತದೆ. ‘ಪ’ಕಾರಕ್ಕೆ ತೆಳುಗೆರೆ, ‘ಬ’ಕಾರಕ್ಕೆ ಅದೇ ಗೆರೆ ದಪ್ಪಗೆ, ‘ತ’ಕಾರ ‘ದ’ಕಾರಗಳೂ ಹಾಗೆಯೇ. ಸ್ವರಗಳಿಗೆ ಚುಕ್ಕೆ ಮತ್ತು ಸಣ್ಣ ಗೀಟು. ವೇಗ ಬಂದಂತೆಲ್ಲ ಬರೆಯುವವರು ಸ್ವರಚಿಹ್ನೆಗಳನ್ನು ಬಿಡುತ್ತಾರೆ, ಗೆರೆ ಸಾಲಿನ ಮೇಲಿದೆಯೋ ಸಾಲನ್ನು ಹಾಯುತ್ತದೋ ಎಂಬುದರಿಂದ ಸ್ವರವನ್ನು ಊಹಿಸುತ್ತಾರೆ. ಈಗ ಪರಮಾಣು ವಿಜ್ಞಾನಿಯೊಬ್ಬರು ‘ಫಿಶನ್’ ಎಂದರು ಎನ್ನೋಣ. ‘ಫ’ಕಾರದ ಬಾಗುಗೆರೆ, ತುದಿಗೆ ‘ಷನ್’ ಕೊಕ್ಕೆ. ಮುಂದಿನ ವಾಕ್ಯದಲ್ಲಿ ‘ಫ್ಯೂಷನ್’ ಎಂದರು. ಅದೇ ಬಾಗುಗೆರೆ, ಅದೇ ಕೊಕ್ಕೆ. ಎರಡರ ಮೊದಲ ಸ್ವರವೂ ಮೂರನೆಯ ಸ್ಥಾನದ್ದಾದ್ದರಿಂದ ಗೆರೆಯ ಜಾಗವೂ ಒಂದೇ. ವಿದಳನ ಬೇರೆ, ಸಮ್ಮಿಲನ ಬೇರೆ. ಸ್ವರಚಿಹ್ನೆ ಹಾಕದಿದ್ದರೆ ನೋಟ್‌ಬುಕ್ಕಿನಲ್ಲಿ ಎರಡೂ ಒಂದೇ. ಸಾಧಾರಣ ಇಲಾಖೆಯಲ್ಲಿ ಹತ್ತು ವರ್ಷ ಪಳಗಿದ ಕೈಯೂ ಇಲ್ಲಿ ತಡವರಿಸುತ್ತದೆ. ವಿಜ್ಞಾನ ಸಲಹೆಗಾರರ ಪಿಎಸ್ ಆದವರು ವಿಷಯ ತಿಳಿಯದಿದ್ದರೂ ಪದಗಳ ನೆರೆಹೊರೆಯನ್ನು ತಿಳಿದಿರಬೇಕು, ಯಾವ ಪದ ಯಾವುದರ ಪಕ್ಕ ಬರುತ್ತದೆ ಎಂಬ ವಾಸನೆ ಹತ್ತಿರಬೇಕು.

ಇನ್ನು ಒಳಗೆ ಕೂತವರ ಕಡೆಗೆ. ದೆಹಲಿಯ ವಿಜ್ಞಾನ ಸಲಹೆಯ ಪರಂಪರೆ ಪ್ರಧಾನ ಸಲಹೆಗಾರರ ಹುದ್ದೆಗಿಂತ ಹಳೆಯದು. 1948ರಲ್ಲಿ ಡಿ.ಎಸ್. ಕೊಠಾರಿ ರಕ್ಷಣಾ ಸಚಿವಾಲಯದ ಮೊದಲ ವೈಜ್ಞಾನಿಕ ಸಲಹೆಗಾರರಾದರು. 1961ರಲ್ಲಿ ಅವರ ಜಾಗಕ್ಕೆ ಬಂದ ಎಸ್. ಭಗವಂತಂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. 1974ರಲ್ಲಿ ಬಂದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. 1986ರಿಂದ ಅವರೇ ರಾಜೀವ್ ಗಾಂಧಿಯವರ ವೈಜ್ಞಾನಿಕ ಸಲಹೆಗಾರರು. 1978ರಲ್ಲಿ ತುಮಕೂರಿನ ರಾಜಾ ರಾಮಣ್ಣ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರ ಬಿಟ್ಟು ಇದೇ ರಕ್ಷಣಾ ಹುದ್ದೆಗೆ ಬಂದರು. 2000ದಿಂದ 2004ರವರೆಗೆ ಅಲ್ಲಿದ್ದವರು ವಿ.ಕೆ. ಆತ್ರೆ. ಈಚಿನ ಇಬ್ಬರು ಪ್ರಧಾನ ಸಲಹೆಗಾರರ ಪ್ರಯೋಗಾಲಯಗಳೂ ಬೆಂಗಳೂರಿನವೇ: ವಿಜಯರಾಘವನ್ ಅವರದು ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ, ಸೂದ್ ಅವರದು ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನಲ್ಲಿ ಪಳಗಿದ ಬುದ್ಧಿಯನ್ನು ದೆಹಲಿಯ ಕಡತಕ್ಕೆ ಹೊಂದಿಸುವ ಕೆಲಸ ಅರವತ್ತು ವರ್ಷಗಳಿಂದ ಮತ್ತೆ ಮತ್ತೆ ನಡೆದಿದೆ. ಇವರೆಲ್ಲ ದೆಹಲಿಗೆ ಹೊಸಬರಾಗಿ ಬಂದರು ಎನ್ನುವಂತಿಲ್ಲ. ಪ್ರಧಾನ ಸಲಹೆಗಾರರಾಗುವ ಮುನ್ನ ಕಲಾಂ ಏಳು ವರ್ಷ ರಕ್ಷಣಾ ಸಲಹೆಗಾರರಾಗಿದ್ದವರು, ವಿಜಯರಾಘವನ್ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿದ್ದವರು. ಹಾಗಿದ್ದೂ ಪ್ರಯೋಗಾಲಯದ ವಾಕ್ಯಕ್ಕೂ ಟಿಪ್ಪಣಿಯ ವಾಕ್ಯಕ್ಕೂ ವ್ಯಾಕರಣವೇ ಬೇರೆ. ಒಂದು ‘ಇಂಥ ಸಂದರ್ಭದಲ್ಲಿ, ಇಷ್ಟರಮಟ್ಟಿಗೆ’ ಎನ್ನುತ್ತದೆ. ಇನ್ನೊಂದು ‘ಮೇಲಿನ 7ನೇ ಪ್ಯಾರಾದ ಪ್ರಸ್ತಾವಕ್ಕೆ ಒಪ್ಪಿಗೆ ಕೋರಿದೆ’ ಎನ್ನದಿದ್ದರೆ ಮುಂದಕ್ಕೆ ಹೋಗುವುದೇ ಇಲ್ಲ.

(ದೆಹಲಿಗೆ ಬರುವುದಿಲ್ಲ ಎಂದು ಹಟ ಹಿಡಿದು ಗೆದ್ದವರೂ ಇದ್ದಾರೆ. 1972ರಲ್ಲಿ ಸತೀಶ್ ಧವನ್ ಬಾಹ್ಯಾಕಾಶ ಇಲಾಖೆಯ ಹೊಣೆ ಹೊರಲು ಒಡ್ಡಿದ ಷರತ್ತು, ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂಬುದು. ಆದರೂ ಆ ಇಲಾಖೆ ದೆಹಲಿಯ ಲೋಕನಾಯಕ ಭವನದಲ್ಲಿ ಒಂದು ಶಾಖಾ ಕಚೇರಿ ತೆರೆಯದೆ ಇರಲಾಗಲಿಲ್ಲ.)

ಪ್ರಯೋಗಾಲಯದ ಮಾತನ್ನು ಕಡತಕ್ಕೆ ಹೊಂದಿಸುವ ಕೆಲಸದ ಮುಖ್ಯ ಸಾಧನ ಡಿಒ, ಅಂದರೆ ಅರೆ ಸರ್ಕಾರಿ ಪತ್ರ. ಸಲಹೆಗಾರರು ಇನ್ನೊಂದು ಇಲಾಖೆಗೆ ಆದೇಶ ಕೊಡುವಂತಿಲ್ಲ. ಅಲ್ಲಿನ ಕಾರ್ಯದರ್ಶಿಗೆ ಹೆಸರು ಹಿಡಿದು, ಉತ್ತಮ ಪುರುಷದಲ್ಲಿ, ಸ್ನೇಹದ ಧಾಟಿಯಲ್ಲಿ ಬರೆಯಬಹುದು. ಯಾರು ಯಾರಿಗೆ ಬರೆಯಬಹುದು, ದರ್ಜೆಯ ಅಂತರ ಎಷ್ಟಿರಬಹುದು ಎಂಬುದಕ್ಕೂ ಕೈಪಿಡಿಯಲ್ಲಿ ಸೂಚನೆಯಿದೆ. ಪತ್ರ ಟೈಪಾಗಿ ಬಂದಾಗ ಮೇಲೆ ಸಂಬೋಧನೆಗೆ, ಕೆಳಗೆ ವಂದನೆಗೆ ಜಾಗ ಬಿಟ್ಟಿರುವುದು ರೂಢಿ; ಅಲ್ಲಿ ಅಧಿಕಾರಿ ಸ್ವಂತ ಕೈಯಿಂದ ಬರೆಯುತ್ತಾರೆ. ಪತ್ರದ ತೂಕವೆಲ್ಲ ಆ ಎರಡು ಶಾಯಿಯ ಸಾಲಿನಲ್ಲಿರುತ್ತದೆ. ಎದುರಿನವರನ್ನು ಹೆಸರಿನಿಂದ ಕರೆಯಬೇಕೋ ಅಡ್ಡಹೆಸರಿನಿಂದಲೋ, ಹಿಂದಿನ ಪತ್ರಕ್ಕೆ ಉತ್ತರ ಬಂದಿದೆಯೋ, ಅವರು ರಜೆಯಲ್ಲಿದ್ದಾರೋ, ಇವೆಲ್ಲ ಪಿಎಸ್‌ಗೆ ಗೊತ್ತಿರುವ ಸಂಗತಿಗಳು. ಆ ಕಡೆಯ ಪಿಎಸ್‌ಗೆ ಒಂದು ಫೋನು ಮಾಡಿ ‘ಸಾಹೇಬರ ಮೇಜಿಗೆ ಇಂದೇ ಇಡಿ’ ಎನ್ನುವುದೂ ಅವರೇ. ಪಿಎಸ್‌ಗಳ ನಡುವಿನ ಈ ಫೋನು ಯಾವ ಸಂಘಟನಾ ನಕ್ಷೆಯಲ್ಲೂ ಇಲ್ಲ, ಆದರೆ ಸಚಿವಾಲಯ ನಡೆಯುವುದು ಬಹುಮಟ್ಟಿಗೆ ಅದರ ಮೇಲೆ.

ಹೀಗೆ ಕಳಿಸಿದ ಸಲಹೆ ಗೆದ್ದರೆ ಏನಾಗುತ್ತದೆ ನೋಡಿ. 2018ರಲ್ಲಿ ರಚನೆಯಾದ ಪ್ರಧಾನಮಂತ್ರಿಗಳ ವಿಜ್ಞಾನ, ತಂತ್ರಜ್ಞಾನ ಹಾಗೂ ನಾವೀನ್ಯ ಸಲಹಾ ಮಂಡಳಿ ಕೈಗೆತ್ತಿಕೊಂಡ ಒಂಬತ್ತು ಮಿಷನ್‌ಗಳಲ್ಲಿ ಕ್ವಾಂಟಂ ಒಂದು. 2023ರ ಏಪ್ರಿಲ್ 19ರಂದು ಸಚಿವ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಒಪ್ಪಿತು. ಆ ಹಣ ಹೋದದ್ದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಲೆಕ್ಕಕ್ಕೆ. ಭಾಷಾನುವಾದದ ಮಿಷನ್ ‘ಭಾಷಿಣಿ’ಯಾಗಿ ಎಲೆಕ್ಟ್ರಾನಿಕ್ಸ್ ಸಚಿವಾಲಯದ ಮನೆ ಸೇರಿತು. ಸಲಹೆ ಗೆದ್ದಾಗ ಅದು ಇನ್ನೊಬ್ಬರ ಕಡತವಾಗಿಬಿಡುತ್ತದೆ. ಸಲಹಾ ಕಚೇರಿಯಲ್ಲಿ ಉಳಿಯುವುದು ರವಾನೆ ವಹಿಯ ಒಂದು ಸಾಲು. ಗೆದ್ದ ಸಲಹೆಯ ಜಾಡು ಹಿಡಿಯಬೇಕಾದರೂ ಹೊರಕೋಣೆಗೇ ಬರಬೇಕು.

ಒಂದು ವಾಕ್ಯಕ್ಕೆ ಎಷ್ಟು ಭಾರವಿರಬಲ್ಲದು ಎಂದು 2021ರ ಮೇ ತಿಂಗಳು ತೋರಿಸಿತು. ಕೋವಿಡ್‌ನ ಎರಡನೆಯ ಅಲೆಯ ನಡುವೆ, ಮೇ 5ರಂದು, ಪ್ರಧಾನ ಸಲಹೆಗಾರರು ಮೂರನೆಯ ಅಲೆ ತಪ್ಪಿದ್ದಲ್ಲ ಎಂದರು. ಎರಡು ದಿನದ ಮೇಲೆ, ಬಿಗಿ ಕ್ರಮ ಕೈಗೊಂಡರೆ ಅದು ಎಲ್ಲ ಕಡೆ, ಅಥವಾ ಎಲ್ಲಿಯೂ, ಬಾರದಿರಬಹುದು ಎಂದರು. ವಿಜ್ಞಾನಿಯ ಕಿವಿಗೆ ಇವೆರಡರ ನಡುವೆ ವಿರೋಧವಿಲ್ಲ, ಎರಡನೆಯದು ಮೊದಲನೆಯದರ ಷರತ್ತು. ಪತ್ರಿಕೆಗಳಿಗೆ ಅದು ಹಿಂದೆ ಸರಿದದ್ದಾಗಿ ಕಂಡಿತು. ಮಾತಿನಲ್ಲಿ ಷರತ್ತು ಉದುರುವುದು ಸುಲಭ. ಬರಹದಲ್ಲಿ ಉದುರದಂತೆ ನೋಡಿಕೊಳ್ಳಬಹುದು, ಆದರೆ ಟಿಪ್ಪಣಿಯನ್ನು ಒಂದು ಪುಟಕ್ಕೆ ಇಳಿಸು ಎಂದಾಗ ಮೊದಲು ಕತ್ತರಿ ಬೀಳುವುದು ‘ಆದರೆ’ ಇರುವ ವಾಕ್ಯಕ್ಕೇ. ಕರಡನ್ನು ಮತ್ತೆ ಮತ್ತೆ ಟೈಪು ಮಾಡುವವರು ಒಳ್ಳೆಯವರಾದರೆ ಆ ವಾಕ್ಯ ಬಿಟ್ಟುಹೋಗಿದೆ ಎಂದು ಒಳಗೆ ಹೋಗಿ ಹೇಳುತ್ತಾರೆ. ಹೇಳುವ ಧೈರ್ಯ ಬರಬೇಕಾದರೆ ಒಳಗಿನವರು ಕೇಳಿಸಿಕೊಳ್ಳುವವರಾಗಿರಬೇಕು.

ಬಾಗಿಲ ಅಧಿಕಾರದ ಇನ್ನೊಂದು ಮುಖವೂ ಇದೆ. ನೆಹರೂ ಅವರ ವಿಶೇಷ ಸಹಾಯಕರಾಗಿದ್ದ ಎಂ.ಒ. ಮಥಾಯ್ 1959ರಲ್ಲಿ ಆರೋಪಗಳ ನಡುವೆ ರಾಜೀನಾಮೆ ಕೊಟ್ಟರು; 1978ರಲ್ಲಿ ಅವರು ಬರೆದ ನೆನಪುಗಳು ಗದ್ದಲ ಎಬ್ಬಿಸಿದವು. ಶೀಘ್ರಲಿಪಿಗಾರರಾಗಿ ಆರಂಭಿಸಿದ ಆರ್.ಕೆ. ಧವನ್ ಇಂದಿರಾ ಗಾಂಧಿಯವರ ಆಪ್ತರಾಗಿ, ಮುಂದೆ ಕೇಂದ್ರ ಸಚಿವರೂ ಆದರು. ಪ್ರಧಾನಮಂತ್ರಿಗಳ ಆಪ್ತ ಕಾರ್ಯದರ್ಶಿಯಾಗಿದ್ದ ಎನ್.ಕೆ. ಶೇಷನ್ ತಮ್ಮ ಸೇವೆಯನ್ನು ಸಂಯಮದ ಪುಸ್ತಕವಾಗಿಸಿದರು. ರಾಜಕಾರಣಿಯ ಹೊರಕೋಣೆಗೆ ಹೀಗೆ ಸಾಹಿತ್ಯವಿದೆ. ವಿಜ್ಞಾನಿಯ ಹೊರಕೋಣೆಗೆ ಅಂಥ ಆಕರ್ಷಣೆಯಿಲ್ಲ, ಅಲ್ಲಿ ಟಿಕೆಟ್ಟಿಗೋ ಗುತ್ತಿಗೆಗೋ ಕಾಯುವವರು ಕಡಿಮೆ. ಕಾಯುವವರು ಕುಲಪತಿಗಳು, ನವೋದ್ಯಮಿಗಳು, ನಿವೃತ್ತ ಪ್ರಾಧ್ಯಾಪಕರು, ಐನ್‌ಸ್ಟೈನ್ ತಪ್ಪೆಂದು ಸಾಧಿಸಿದ ಹಸ್ತಪ್ರತಿ ಹಿಡಿದು ಬಂದವರು. ಈ ಕೊನೆಯವರನ್ನು ಗೌರವದಿಂದ ಸಾಗಹಾಕುವುದು ಒಂದು ಕಲೆ.

ಬ್ರಿಟನ್ನಿನಲ್ಲಿ ಸಾಲಿ ಝುಕರ್‌ಮನ್ 1964ರಲ್ಲಿ ಸರ್ಕಾರದ ಮೊದಲ ಮುಖ್ಯ ವೈಜ್ಞಾನಿಕ ಸಲಹೆಗಾರರಾದರು. ಅಲ್ಲಿನ ಸಚಿವಾಲಯದಲ್ಲಿ ಖಾಸಗಿ ಕಚೇರಿ ಎಂದರೆ ಮೇಲೇರಲಿರುವ ತರುಣ ಅಧಿಕಾರಿಯ ತರಬೇತಿ ಶಾಲೆ. ಹಿರಿಯರ ಫೋನು ಮಾತುಕತೆಯನ್ನು ಇನ್ನೊಂದು ಸಂಪರ್ಕದಲ್ಲಿ ಕೇಳುತ್ತಾ ಟಿಪ್ಪಣಿ ಬರೆದುಕೊಳ್ಳುವುದು ಅವರ ಅಧಿಕೃತ ಕೆಲಸ. ಅಲ್ಲಿ ಹೊರಕೋಣೆಯೇ ದಾಖಲೆ ಹುಟ್ಟಿಸುತ್ತದೆ. ನಮ್ಮಲ್ಲಿ ಹೊರಕೋಣೆಯವರಿಗೆ ಕೇಳಿದ್ದನ್ನು ಮರೆಯುವ ಶಿಕ್ಷಣ. ನಿಷ್ಠೆಯ ದೃಷ್ಟಿಯಿಂದ ನಮ್ಮದೇ ಮೇಲಿರಬಹುದು, ಇತಿಹಾಸಕ್ಕಂತೂ ನಷ್ಟ.

ಈಗ ಉಕ್ತಲೇಖನ ಅಪರೂಪವಾಗುತ್ತಿದೆ. ವಿಜ್ಞಾನಿಗಳು ತಾವೇ ಟೈಪು ಮಾಡುತ್ತಾರೆ. ಇ-ಆಫೀಸ್ ಬಂದ ಮೇಲೆ ಕಡತ ಯಾರ ಹತ್ತಿರ ಎಷ್ಟು ದಿನ ಕೂತಿತ್ತು ಎಂದು ಯಂತ್ರವೇ ಬರೆದಿಡುತ್ತದೆ. 2005ರ ಮಾಹಿತಿ ಹಕ್ಕಿನ ಕಾಯ್ದೆಯಡಿ ಕಡತದ ಟಿಪ್ಪಣಿಯೂ ಮಾಹಿತಿಯೇ ಎಂದು ತೀರ್ಮಾನವಾಗಿದೆ. ಮೌಲಾನಾ ಆಜಾದ್ ರಸ್ತೆಯ ವಿಜ್ಞಾನ ಭವನದ ಅನೆಕ್ಸಿನಲ್ಲಿ ವರ್ಷಗಟ್ಟಲೆ ಇದ್ದ ಪ್ರಧಾನ ಸಲಹೆಗಾರರ ಕಚೇರಿಗೆ 2025ರ ಆಗಸ್ಟ್ 6ರಂದು ಉದ್ಘಾಟನೆಯಾದ ಕರ್ತವ್ಯ ಭವನ-3ರಲ್ಲಿ ಜಾಗ ಗೊತ್ತಾಗಿದೆ. ಕಚೇರಿ ಗುಳೆ ಹೊರಡುವ ಹೊತ್ತು ಹಳೆಯ ಡೈರಿಗಳಿಗೆ ಅಪಾಯದ ಹೊತ್ತು. ಕಡತಕ್ಕೆ ಸಂಖ್ಯೆಯಿದೆ, ಭೇಟಿಯ ಡೈರಿಗೆ ಸಂಖ್ಯೆಯಿಲ್ಲ, ಸಂಖ್ಯೆಯಿಲ್ಲದ್ದು ರದ್ದಿ.

1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ವ್ಯಾಖ್ಯೆ ಇದಕ್ಕಿಂತ ಉದಾರವಾಗಿದೆ. ದಸ್ತಾವೇಜು, ಹಸ್ತಪ್ರತಿ, ಕಡತಗಳ ಜೊತೆಗೆ ಕಂಪ್ಯೂಟರು ಹೊರಡಿಸಿದ ಸಾಮಗ್ರಿಯೂ ಅದರಡಿ ಬರುತ್ತದೆ, ಪ್ರತಿ ಕಚೇರಿಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ. ಭೇಟಿಯ ಡೈರಿಯನ್ನೂ ಡಿಒ ರವಾನೆ ವಹಿಯನ್ನೂ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಲು ಹೊಸ ಕಾನೂನು ಬೇಕಿಲ್ಲ, ರಾಷ್ಟ್ರೀಯ ಅಭಿಲೇಖಾಲಯದೊಂದಿಗೆ ಸಮಾಲೋಚಿಸಿ ಆ ಅಧಿಕಾರಿ ಹಾಕುವ ಒಂದು ಸಹಿ ಸಾಕು. ಇಪ್ಪತ್ತೈದು ವರ್ಷ ತುಂಬಿದ ದಾಖಲೆಗಳು ರಾಷ್ಟ್ರೀಯ ಅಭಿಲೇಖಾಲಯದ ಪರಿಶೀಲನೆಗೆ ಬರುತ್ತವೆ. ಕಲಾಂ ಅವರ ಕಚೇರಿಯ ಮೊದಲ ಕಡತಗಳಿಗೆ 2024ರ ನವೆಂಬರಿನಲ್ಲೇ ಆ ವಯಸ್ಸಾಗಿದೆ. ಜನಪಥದ ಅಭಿಲೇಖಾಲಯದ ಓದುಕೋಣೆಯಲ್ಲಿ ಅವುಗಳನ್ನು ಕೇಳುವ ಸಂಶೋಧಕರು ವರದಿಗಳನ್ನು ಆಮೇಲೆ ನೋಡಿದರಾಯಿತು. ಮೊದಲ ಬೇಡಿಕೆ ಚೀಟಿಯಲ್ಲಿ ರವಾನೆ ವಹಿಯನ್ನು ಬರೆಯಲಿ.