ಲೋಡ್ ಕಾರಿಗೆ ಗಾಳಿ ಎಷ್ಟಿರಬೇಕು? ಹೈವೇ ಹತ್ತುವ ಮುನ್ನ ಗೊತ್ತಿರಬೇಕಾದ ಲೆಕ್ಕ

ಹಿರಿಯೂರು: ರಜೆ ಬಂತೆಂದರೆ ತಾಲ್ಲೂಕಿನ ಬೀದಿಗಳಲ್ಲಿ ಬೆಳಗಿನ ಜಾವವೇ ಕಾರಿಗೆ ಲಗೇಜು ತುಂಬುವ ಗಡಿಬಿಡಿ. ಏಳು ಸೀಟಿನ ಗಾಡಿಯಲ್ಲಿ ಏಳು ಜನ, ಹಿಂದೆ ಬ್ಯಾಗು, ಮೇಲೆ ಕ್ಯಾರಿಯರ್‌ನಲ್ಲಿ ಹಾಸಿಗೆ, ನೀರಿನ ಕ್ಯಾನು. ಶಿರಡಿಯೋ, ತಿರುಪತಿಯೋ, ಧರ್ಮಸ್ಥಳವೋ, ಊರು ಬಿಡುವಾಗ ಬಂಕ್‌ನಲ್ಲಿ ನಿಲ್ಲಿಸಿದರೆ ಗಾಳಿ ಹಾಕುವ ಹುಡುಗ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಹಾಕ್ಲಿ ಸಾರ್?’ ಹೆಚ್ಚಿನವರ ಉತ್ತರವೂ ಒಂದೇ: ‘ನೋಡಿ ಹಾಕಪ್ಪ.’

ಆ ಹುಡುಗನಿಗೆ ನೋಡಲು ಏನೂ ಇಲ್ಲ. ಬೆಳಗಿನಿಂದ ಬಂದ ಎಲ್ಲ ಕಾರಿಗೂ ಹಾಕಿದ ಹಾಗೆ 30 ಅಥವಾ 32 ಹಾಕಿ ಕಳಿಸುತ್ತಾನೆ. ತಪ್ಪು ಅವನದಲ್ಲ. ಸರಿಯಾದ ನಂಬರು ಗಾಡಿಯ ಮೇಲೆಯೇ ಬರೆದಿರುತ್ತದೆ, ನೋಡಿ ಹೇಳಬೇಕಾದವರು ಗಾಡಿಯವರು.

ನಂಬರು ಇರುವುದು ಎಲ್ಲಿ?

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ, ಬಾಗಿಲು ಕೂರುವ ಜಾಗದ ಹತ್ತಿರ, ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿರುತ್ತದೆ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಗಾಡಿಯ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತಾರೆ. ಬಹಳಷ್ಟು ಕಾರುಗಳಲ್ಲಿ ಎರಡು ಸಾಲು ಇರುತ್ತವೆ: ಎರಡು–ಮೂರು ಜನ ಕೂತಾಗ ಒಂದು, ಪೂರ್ತಿ ಜನ ಮತ್ತು ಲಗೇಜು ಇದ್ದಾಗ ಇನ್ನೊಂದು. ಈ ಎರಡನೇ ಸಾಲನ್ನು ಓದಿದವರು ಕಡಿಮೆ. ಲಾಂಗ್ ಟ್ರಿಪ್‌ಗೆ ಬೇಕಾದದ್ದು ಅದೇ. ಬಹುತೇಕ ಗಾಡಿಗಳಲ್ಲಿ ಹಿಂದಿನ ಟೈರಿನ ಅಂಕಿ ಅಲ್ಲಿ ಎದ್ದು ಕಾಣುವಷ್ಟು ಏರಿರುತ್ತದೆ, ಯಾಕೆಂದರೆ ಲಗೇಜಿನ ಭಾರ ಬೀಳುವುದು ಹಿಂದಕ್ಕೆ. ಒಂದೇ ಸಾಲು ಇರುವ ಗಾಡಿಗೆ ಆ ಒಂದೇ ಅಂಕಿ, ಲೋಡ್ ಇದ್ದರೂ ಇಲ್ಲದಿದ್ದರೂ.

ಅಂಕಿ ಪಿಎಸ್‌ಐ ಬದಲು ಬಾರ್ ಅಥವಾ ಕೆಪಿಎಯಲ್ಲಿ ಇದ್ದರೆ ಗಾಬರಿ ಬೇಡ. 1 ಬಾರ್ ಅಂದರೆ 100 ಕೆಪಿಎ, ಅಂದರೆ 14.5 ಪಿಎಸ್‌ಐ. 2.2 ಬಾರ್ ಎಂದಿದ್ದರೆ 32, 2.5 ಇದ್ದರೆ 36.

ಟೈರಿನ ಪಕ್ಕದಲ್ಲೂ ‘ಮ್ಯಾಕ್ಸ್’ ಎಂದು 44 ಅಥವಾ 51ರಂತಹ ಅಂಕಿ ಅಚ್ಚಾಗಿರುತ್ತದೆ. ಅದು ಆ ಟೈರು ತಡೆಯಬಲ್ಲ ಮಿತಿ, ನಿಮ್ಮ ಕಾರಿಗೆ ಹಾಕಬೇಕಾದ ಗಾಳಿಯಲ್ಲ. ಅದನ್ನು ನೋಡಿ 44 ತುಂಬಿಸಿಕೊಂಡು ಹೊರಟರೆ ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ, ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಗುಂಡಿಗೆ ಬಿದ್ದಾಗ ಏಟು ಜೋರು.

ಗಾಳಿ ಕಡಿಮೆ ಇದ್ದರೆ ಏನಾಗುತ್ತೆ?

ಏಳು ಜನ ದೊಡ್ಡವರೆಂದರೆ ತಲಾ 65 ಕೆ.ಜಿ.ಯಂತೆ 455 ಕೆ.ಜಿ. ಲಗೇಜು 80 ಸೇರಿಸಿದರೆ ಹತ್ತು ಮೂಟೆ ಸಿಮೆಂಟ್‌ಗಿಂತ ಹೆಚ್ಚು. ಈ ಭಾರವನ್ನು ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಗಾಳಿ ಸಾಲದಿದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುವ ಹಾಗೆಯೇ ಇದು. ಊರೊಳಗೆ 40ರಲ್ಲಿ ಓಡಿದರೆ ಗೊತ್ತೇ ಆಗುವುದಿಲ್ಲ. ಹೈವೇಯಲ್ಲಿ 100ರ ವೇಗದಲ್ಲಿ ಎರಡು ಗಂಟೆ ಓಡಿದಾಗ ಬಿಸಿ ಹೊರಹೋಗಲು ಪುರುಸೊತ್ತಿಲ್ಲ. ಒಳಗಿನ ಪದರ ಬಿಡುತ್ತದೆ, ಟೈರು ಬರ್ಸ್ಟ್ ಆಗುತ್ತದೆ.

ಇಲ್ಲೇ ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಅಡ್ಡ ಬರುತ್ತದೆ: ‘ಬಿಸಿಲು ಜಾಸ್ತಿ, ಎರಡು ಪಾಯಿಂಟ್ ಕಮ್ಮಿ ಇರ್ಲಿ, ಇಲ್ಲಾಂದ್ರೆ ಸಿಡಿಯುತ್ತೆ.’ ನಿಜ ತದ್ವಿರುದ್ಧ. ಟೈರು ಬಿಸಿಯಾದಾಗ ಒತ್ತಡ ಏರುತ್ತದೆಂಬುದು ಸರಿ. ಪ್ರತಿ 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಆದರೆ ಕಂಪನಿಯವರು ಆ ಏರಿಕೆಯನ್ನು ಲೆಕ್ಕ ಹಾಕಿಯೇ ಸ್ಟಿಕ್ಕರ್‌ನ ಅಂಕಿ ಕೊಟ್ಟಿರುತ್ತಾರೆ. ಬಿಸಿಲಿಗೆ ಹೆದರಿ ಗಾಳಿ ಇಳಿಸಿದರೆ ಟೈರು ಹೆಚ್ಚು ಮಡಚಿ, ಹೆಚ್ಚು ಬಿಸಿಯಾಗುತ್ತದೆ.

ತಣ್ಣಗಿದ್ದಾಗಲೇ ಅಳೆಯಬೇಕು

ಸ್ಟಿಕ್ಕರ್‌ನ ಅಂಕಿ ತಣ್ಣನೆಯ ಟೈರಿನದು. ತಣ್ಣಗೆ ಅಂದರೆ ಗಾಡಿ ಮೂರು ಗಂಟೆಯಾದರೂ ನೆರಳಲ್ಲಿ ನಿಂತಿರಬೇಕು, ಅಥವಾ ಎರಡು ಕಿಲೋಮೀಟರ್‌ಗಿಂತ ಕಡಿಮೆ, ಅದೂ ನಿಧಾನವಾಗಿ ಓಡಿರಬೇಕು. ಬೆಳಿಗ್ಗೆ ಮನೆ ಮುಂದೆಯೇ ನೋಡಿದರೆ ಎಲ್ಲಕ್ಕಿಂತ ಒಳ್ಳೆಯದು.

ಈಗ ಒಂದು ಉದಾಹರಣೆ. ಲೋಡ್‌ಗೆ ಹಿಂದಿನ ಟೈರು 36 ಇರಬೇಕು ಎಂದುಕೊಳ್ಳಿ. ಬೆಳಿಗ್ಗೆ ಸರಿಯಾಗಿ 36 ಹಾಕಿ ಶಿರಡಿಗೆ ಹೊರಟಾಯಿತು. ಚಿತ್ರದುರ್ಗ ದಾಟಿ ದಾವಣಗೆರೆ ಹತ್ತಿರ ತಿಂಡಿಗೆ ನಿಲ್ಲಿಸಿದಾಗ ‘ಒಂದ್ಸಲ ಚೆಕ್ ಮಾಡ್ಸೋಣ’ ಎಂದು ಪಕ್ಕದ ಬಂಕ್‌ಗೆ ಹೋದರೆ ಮೀಟರ್ 41 ತೋರಿಸುತ್ತದೆ. ಅದು ಹಾಗೆಯೇ ಇರಬೇಕಾದದ್ದು. ಆದರೆ ಈಗ ಬಂಕ್‌ಗಳಲ್ಲಿ ಇರುವುದು ಡಿಜಿಟಲ್ ಮಷೀನು. 36 ಎಂದು ಒತ್ತಿ ಪೈಪ್ ಹಚ್ಚಿದರೆ ಅದು ಗಾಳಿ ತುಂಬುವುದಷ್ಟೇ ಅಲ್ಲ, ಹೆಚ್ಚಿದ್ದರೆ ತಾನೇ ಬಿಡುತ್ತದೆ. ಪೀಂ ಪೀಂ ಎಂದು ಸದ್ದು ಬಂದಾಗ 5 ಪಿಎಸ್‌ಐ ಹೊರಗೆ ಹೋಗಿರುತ್ತದೆ. ಟೈರು ತಣಿದ ಮೇಲೆ ಉಳಿಯುವುದು 31. ಒಳ್ಳೆಯದಾಗಲಿ ಎಂದು ಚೆಕ್ ಮಾಡಿಸಿ, ಕಡಿಮೆ ಗಾಳಿಯಲ್ಲೇ ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿದಂತಾಯಿತು. ಬಿಸಿ ಟೈರಿನ ಗಾಳಿ ಬಿಡಬಾರದು. ದಾರಿಯಲ್ಲಿ ನೋಡುವುದಾದರೆ ನಾಲ್ಕರಲ್ಲಿ ಯಾವುದಾದರೂ ಒಂದು ಉಳಿದವಕ್ಕಿಂತ ತೀರಾ ಕಡಿಮೆ ಇದೆಯೇ ಎಂದಷ್ಟೇ ನೋಡಿ. ಇದ್ದರೆ ಅದು ಪಂಚರ್ ಸುಳಿವು.

ಹಳ್ಳಿಯಿಂದ ಬಂಕ್ ಹತ್ತು ಕಿಲೋಮೀಟರ್ ದೂರ, ಅಲ್ಲಿಗೆ ಹೋಗುವಷ್ಟರಲ್ಲಿ ಟೈರು ಬಿಸಿಯಾಗುತ್ತದಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಸುಲಭ ಉಪಾಯವಿದೆ. ಕೈಯಲ್ಲಿ ಹಿಡಿಯುವ ಗೇಜ್ ಒಂದು ಇಟ್ಟುಕೊಳ್ಳಿ, ಅದೇನು ದುಬಾರಿ ಸಾಮಾನಲ್ಲ. ಬೆಳಿಗ್ಗೆ ಮನೆಯಲ್ಲೇ ಅಳೆದು ಎಷ್ಟು ಕೊರತೆ ಇದೆ ಎಂದು ಬರೆದುಕೊಳ್ಳಿ. 36 ಬೇಕಿದ್ದಲ್ಲಿ 31 ಇದ್ದರೆ ಕೊರತೆ 5. ಬಂಕ್‌ನ ಮಷೀನು ಅದೇ ಟೈರಿಗೆ 33 ತೋರಿಸಿದರೆ ಅದಕ್ಕೆ 5 ಸೇರಿಸಿ 38 ಹಾಕಿಸಿ. ಬಂಕ್ ಮೀಟರ್‌ಗೂ ನಿಮ್ಮ ಗೇಜ್‌ಗೂ ಒಂದೆರಡು ಪಾಯಿಂಟ್ ವ್ಯತ್ಯಾಸ ಇದ್ದರೂ ಈ ಲೆಕ್ಕ ಕೆಡುವುದಿಲ್ಲ. ಬಂಕ್‌ಗಳಲ್ಲಿ ಗಾಳಿ ಉಚಿತ ಸೇವೆ ಎಂಬುದೂ ನೆನಪಿರಲಿ.

ನೈಟ್ರೋಜನ್ ಬಗ್ಗೆ ಒಂದೇ ಮಾತು. ಸಾದಾ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಹಾಕಿಸಿದವರು ಹಾಕಿಸಲಿ, ಆದರೆ ‘ನೈಟ್ರೋಜನ್ ಇದೆ, ಚೆಕ್ ಬೇಡ’ ಎನ್ನುವಂತಿಲ್ಲ. ಕಡಿಮೆಯಾದರೆ ಸಾದಾ ಗಾಳಿ ಸೇರಿಸಿದರೂ ತೊಂದರೆಯಿಲ್ಲ.

ಅಂಗಡಿ ಸಾಮಾನು ತರುವ ಗಾಡಿಗಳಿಗೆ

ರಾತ್ರಿ ಎರಡಕ್ಕೆ ಎದ್ದು ದಾವಣಗೆರೆಗೋ ಯಶವಂತಪುರಕ್ಕೋ ಟಾಟಾ ಏಸ್, ಪಿಕಪ್ ಕಳಿಸುವ ವ್ಯಾಪಾರಿಗಳ ಕಷ್ಟ ಬೇರೆ. ಹೋಗುವಾಗ ಗಾಡಿ ಖಾಲಿ, ಬರುವಾಗ ಫುಲ್. ಮಾರ್ಕೆಟ್‌ನಲ್ಲಿ ಲೋಡ್ ಆಗುವ ಹೊತ್ತಿಗೆ ಟೈರು ಬಿಸಿ, ಅಲ್ಲಿ ಅಳೆದರೆ ನಂಬುವಂತಿಲ್ಲ. ಆದ್ದರಿಂದ ಊರಲ್ಲೇ, ಟೈರು ತಣ್ಣಗಿರುವಾಗಲೇ, ಲೋಡ್‌ಗೆ ಬೇಕಾದ ಅಂಕಿ ಹಾಕಿಕೊಂಡು ಹೊರಡುವುದು ವಾಸಿ. ಹೋಗುವಾಗ ಗಾಡಿ ಸ್ವಲ್ಪ ಕುಣಿಯುತ್ತದೆ, ಖಾಲಿ ಗಾಡಿ ಒದ್ದೆ ರಸ್ತೆಯಲ್ಲಿ ಜಾರಬಹುದು, ವೇಗ ಕಡಿಮೆ ಇರಲಿ. ಅಷ್ಟು ಸಹಿಸಿಕೊಳ್ಳಬಹುದು. ಕಡಿಮೆ ಗಾಳಿಯ ಮೇಲೆ ಮೂಟೆ ಏರಿಸಿಕೊಂಡು ಬರುವುದು ಹಾಗಲ್ಲ. ಈ ಗಾಡಿಗಳ ಅಂಕಿ ಕಾರಿಗಿಂತ ಹೆಚ್ಚು, ಕಾರಿನ ಅಂದಾಜು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ಮಿತಿ ಮೀರಿದ ಲೋಡ್‌ಗೆ ಗಾಳಿ ಮದ್ದಲ್ಲ. ಮ್ಯಾನುಯಲ್‌ನಲ್ಲಿರುವ ಒಟ್ಟು ತೂಕದಿಂದ ಆರ್‌ಸಿಯಲ್ಲಿರುವ ಖಾಲಿ ತೂಕ ಕಳೆದರೆ ಎಷ್ಟು ಹೇರಬಹುದು ಎಂದು ಸಿಗುತ್ತದೆ. ಅದು ಕಾರಿಗೂ ಅನ್ವಯ. ಏಳು ಜನ ಕೂತ ಮೇಲೆ ಕ್ಯಾರಿಯರ್‌ಗೆ ಉಳಿಯುವುದು ಬಹಳ ಕಡಿಮೆ.

ಸ್ಟೆಪ್ನಿ, ವಾಲ್ವ್, ವಯಸ್ಸು

ಸ್ಟೆಪ್ನಿಗೆ ಸ್ಟಿಕ್ಕರ್‌ನಲ್ಲಿರುವ ದೊಡ್ಡ ಅಂಕಿಯನ್ನೇ ಹಾಕಿಡಿ, ಹಿಂದಕ್ಕೂ ಮುಂದಕ್ಕೂ ಆಗುತ್ತದೆ, ಹೆಚ್ಚಾದರೆ ಬಿಡಬಹುದು. ಸಣ್ಣ ಗಾತ್ರದ ಸ್ಟೆಪ್ನಿ ಇದ್ದರೆ ಅದರ ಮೇಲೆಯೇ ಬರೆದ ಅಂಕಿ ಮತ್ತು ವೇಗದ ಮಿತಿ ಪಾಲಿಸಬೇಕು. ವಾಲ್ವ್ ಬಾಯಿಗೆ ಸೋಪು ನೀರು ಹಚ್ಚಿ ಗುಳ್ಳೆ ಬಂದರೆ ಪಂಚರ್ ಅಂಗಡಿಯಲ್ಲಿ ಪಿನ್ ಬದಲಿಸಿಕೊಳ್ಳಿ. ಟೈರಿನ ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದರ ಜಾತಕ: 2219 ಎಂದಿದ್ದರೆ 2019ರ 22ನೇ ವಾರ ತಯಾರಾದದ್ದು. ಪಕ್ಕದಲ್ಲಿ ಬಿರುಕು ಬಿಟ್ಟ ಅಥವಾ ಊದಿಕೊಂಡ ಟೈರಿಗೆ ಯಾವ ಅಂಕಿಯೂ ಸರಿಯಲ್ಲ. ಗುಂಡಿಯ ಆಳ 1.6 ಮಿಲಿಮೀಟರ್‌ಗೆ ಇಳಿದಿದ್ದರೂ ಅಷ್ಟೇ.

ಡ್ಯಾಶ್‌ಬೋರ್ಡ್‌ನಲ್ಲಿ ಗಾಳಿಯ ಲೈಟ್ ಇರುವ ಕಾರಿನವರೂ ಅದನ್ನೇ ನಂಬಿ ಕೂರಬೇಡಿ. ಆ ಲೈಟ್ ಸಾಮಾನ್ಯವಾಗಿ ಹತ್ತುವುದು ಗಾಳಿ ಸುಮಾರು ಕಾಲು ಭಾಗ ಇಳಿದ ಮೇಲೆ.

ಇಷ್ಟಾದರೂ ಓಡುವಾಗ ಟೈರು ಸಿಡಿದರೆ ಬ್ರೇಕ್ ಜೋರಾಗಿ ಒತ್ತಬಾರದು. ಸ್ಟೇರಿಂಗ್ ಎರಡೂ ಕೈಯಲ್ಲಿ ನೇರ ಹಿಡಿದು, ಎಕ್ಸಲೇಟರ್‌ನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ತೆಗೆದುಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

ಊರಿಗೆ ವಾಪಸ್ ಬಂದು ಲಗೇಜು ಇಳಿಸಿದ ಮರುದಿನ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಗಾಳಿಯನ್ನು ಸ್ಟಿಕ್ಕರ್‌ನ ಮೊದಲ ಸಾಲಿಗೆ ಇಳಿಸಿಕೊಳ್ಳಿ.