ಅತ್ತೆ ಆರಿಸಿಕೊಂಡ ಫೋಟೋ

ನನ್ನ ಉಪನಯನದ ಆಲ್ಬಮ್ಮಿನಲ್ಲಿ ನೂರಿಪ್ಪತ್ತು ಫೋಟೋಗಳಿವೆ. ಹಳದೀಪುರದ ನಮ್ಮ ಮನೆಯ ಅಂಗಳ, ಮಡಲಿನ ಚಪ್ಪರ, ಸಾಲಾಗಿ ಊಟಕ್ಕೆ ಕೂತ ನೆಂಟರು ಎಲ್ಲಾ ಇದ್ದಾರೆ. ಅತ್ತೆ ಮಾತ್ರ ಇಲ್ಲ. ಹುಡುಕಿದರೆ ಒಂದು ಫೋಟೋದ ಅಂಚಿನಲ್ಲಿ ಪಾಯಸದ ಸೌಟು ಹಿಡಿದ ಕೈ ಕಾಣುತ್ತದೆ. ಬಳೆ ನೋಡಿ ಗುರುತು ಹಿಡಿಯಬೇಕು.

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಸೀಮೆಎಣ್ಣೆಯ ಪಂಪ್ ಸ್ಟೋವ್ ಸಿಡಿದು ಅತ್ತೆಯ ಎಡಗೆನ್ನೆ, ಕುತ್ತಿಗೆ, ಭುಜ ಸುಟ್ಟಿತ್ತು. ಗಾಯ ಒಣಗಿತು, ಅತ್ತೆ ಎಂದಿನಂತೆ ಕೆಲಸಕ್ಕೆ ನಿಂತರು. ಆದರೆ ಮನೆಯಲ್ಲಿ ಯಾರಾದರೂ ಕ್ಯಾಮೆರಾ ತೆಗೆದರೆ ಸಾಕು, ಅವರಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ‘ಬ್ಯಾಡ ತಮಾ, ಯನ್ನ ಫೋಟೋ ಎಂತಕ್ಕೆ?’

ಮುಂದೆ ಒಂದು ಗುರುತಿನ ಚೀಟಿಗೆ ಫೋಟೋ ಬೇಕೇ ಬೇಕಾಯಿತು. ಸೆರಗು ಸರಿಸಿ ಮುಖ ನೇರ ಮಾಡಿ ಅಂತ ಹೇಳಿ ಎರಡು ಸೆಕೆಂಡಿನಲ್ಲಿ ತೆಗೆದು ಕಳಿಸಿದರು. ಅತ್ತೆ ಆ ಚೀಟಿಯನ್ನು ಮಗುಚಿ ಡಬ್ಬಿಯ ತಳಕ್ಕೆ ಹಾಕಿಟ್ಟರು. ಫೋಟೋ ಅನ್ನುವುದು ಇಷ್ಟೊಂದು ನೋವು ಕೊಡುವ ವಸ್ತುವಾದರೆ, ಅದರಿಂದಲೇ ಗುಣ ಕಾಣಬಹುದು ಅಂತ ಕೆಲವರು ನಂಬಿದ್ದು ಹೇಗೆ? ಈ ಪ್ರಶ್ನೆ ಹಿಡಿದುಕೊಂಡು ಒಂದಷ್ಟು ಓದಿದೆ. ಕಥೆ ನಾನು ಅಂದುಕೊಂಡಿದ್ದಕ್ಕಿಂತ ಹಳೆಯದು.

ಛಾಯಾಗ್ರಹಣ ಜಗತ್ತಿಗೆ ಪರಿಚಯವಾಗಿದ್ದು 1839ರಲ್ಲಿ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಸವರಿ ಫೋಟೋ ತೆಗೆಯುವ ವಿಧಾನ ಪ್ರಕಟಿಸಿದ. ಮುಖ ಸ್ಪಷ್ಟವಾಗಿ ಬರತೊಡಗಿತು, ಒಂದು ನೆಗೆಟಿವಿನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಾಯಿತು. ಆರ್ಚರನಿಗೆ ವೈದ್ಯನೂ ಸ್ನೇಹಿತನೂ ಆಗಿದ್ದವನು ಹ್ಯೂ ವೆಲ್ಚ್ ಡೈಮಂಡ್. ಸರ್ರೆ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಮಹಿಳಾ ವಿಭಾಗದ ಮುಖ್ಯಸ್ಥ. ಅವನು ತನ್ನ ರೋಗಿಗಳನ್ನು ಕೂರಿಸಿ ಫೋಟೋ ತೆಗೆಯಲು ಶುರುಮಾಡಿದ.

1856ರಲ್ಲಿ ರಾಯಲ್ ಸೊಸೈಟಿಗೆ ಕೊಟ್ಟ ಪ್ರಬಂಧದಲ್ಲಿ ಡೈಮಂಡ್ ಇದರಿಂದ ಮೂರು ಉಪಯೋಗ ಇದೆ ಅಂದ. ಮುಖ ನೋಡಿ ಕಾಯಿಲೆಯನ್ನು ಅಧ್ಯಯನ ಮಾಡಬಹುದು. ರೋಗಿ ಮತ್ತೆ ಆಸ್ಪತ್ರೆಗೆ ಬಂದರೆ ಗುರುತು ಹಿಡಿಯಬಹುದು. ಮೂರನೆಯದು ಹೊಸ ಮಾತು: ರೋಗಿಗೆ ಅವಳದೇ ಫೋಟೋ ತೋರಿಸಿದರೆ ಅದು ಚಿಕಿತ್ಸೆಯಾಗಿಯೂ ಕೆಲಸ ಮಾಡಬಹುದು. ತಾನು ರಾಣಿ ಅಂತ ನಂಬಿದ್ದ ಒಬ್ಬ ಯುವತಿ ತನ್ನ ಫೋಟೋಗಳನ್ನು ನೋಡುತ್ತಾ ಚೇತರಿಸಿಕೊಂಡಳು ಅಂತ ಉದಾಹರಣೆಯನ್ನೂ ಕೊಟ್ಟ.

ಓದಿದಾಗ ಖುಷಿಯಾಯಿತು, ಆಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಫೋಟೋ ತೆಗೆಯಬೇಕು ಅಂತ ತೀರ್ಮಾನಿಸಿದ್ದು ಡಾಕ್ಟರು. ಹೇಗೆ ಕೂರಬೇಕು ಅಂತ ಹೇಳಿದ್ದೂ ಅವರೇ, ಯಾರಿಗೆ ತೋರಿಸಬೇಕು ಅಂತ ಆರಿಸಿದ್ದೂ ಅವರೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ ಮುಖ ಅವಳದು, ಅಡ್ಮಿನ್ ರೈಟ್ಸ್ ಬೇರೆಯವರದ್ದು.

ನಮ್ಮ ದೇಶದಲ್ಲಿ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1857ರ ದಂಗೆಯ ನಂತರ ಬ್ರಿಟಿಷರಿಗೆ ಇಲ್ಲಿನ ಜನ ಯಾರು, ಯಾರನ್ನು ನಂಬಬಹುದು ಅಂತ ತಿಳಿಯುವ ಅವಸರ. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟಗಳನ್ನು ತಂದರು. ನಾನೂರೈವತ್ತಕ್ಕೂ ಹೆಚ್ಚು ಫೋಟೋಗಳು, ಪಕ್ಕದಲ್ಲಿ ಜಾತಿ, ಬುಡಕಟ್ಟು, ಸ್ವಭಾವದ ವಿವರಣೆ. ಎಷ್ಟೋ ಕಡೆ ವ್ಯಕ್ತಿಯ ಹೆಸರೇ ಇಲ್ಲ. ಒಬ್ಬ ಮನುಷ್ಯ ‘ಇಂಥ ಪಂಗಡದ ಮಾದರಿ’ ಆಗಿ ಪುಟ ಸೇರುತ್ತಿದ್ದ.

ಆ ಅಭ್ಯಾಸ ಬ್ರಿಟಿಷರ ಜೊತೆ ಹಡಗು ಹತ್ತಿ ಹೋಗಲಿಲ್ಲ. ಹೊನ್ನಾವರ, ಕುಮಟಾ, ಅಂಕೋಲೆ ಸೀಮೆಯವರಿಗೆ ಇದು ಗೊತ್ತು. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಸಂತೆಯಲ್ಲಿ ತರಕಾರಿ ಮಾರುತ್ತಾ ಕೂತಿದ್ದರೆ ಪ್ರವಾಸಿಗರು ಕೇಳದೇ ಕ್ಲಿಕ್ ಮಾಡುತ್ತಾರೆ. ಆಕೆಯ ಹೆಸರು ಕೇಳುವವರು ಕಡಿಮೆ, ತರಕಾರಿ ಕೊಳ್ಳುವವರು ಇನ್ನೂ ಕಡಿಮೆ.

ಅದೇ ಮಣಿಸರದ ಇನ್ನೊಂದು ಫೋಟೋ ನಿಮಗೂ ನೆನಪಿರಬಹುದು. 2021ರ ನವೆಂಬರಿನಲ್ಲಿ ಅಂಕೋಲೆಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಶಾಲೆಗೆ ಹೋಗದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡುತ್ತಾ ಸಸಿ ಬೆಳೆಸಿದ ಜೀವ. ತಮ್ಮದೇ ಉಡುಗೆಯಲ್ಲಿ, ಬರಿಗಾಲಲ್ಲಿ ನಡೆದು ಹೋದರು. ಉಡುಗೆ ಅದೇ, ಮಣಿ ಅವೇ. ಆದರೆ ಈ ಸಲ ಫೋಟೋದ ಕೆಳಗೆ ಹೆಸರಿತ್ತು, ಮಾಡಿದ ಕೆಲಸ ಇತ್ತು. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಜನ ಹಂಚಿಕೊಂಡದ್ದೂ ಹೆಚ್ಚಾಗಿ ಅದೇ ಫೋಟೋ.

ಹಾಗಾದರೆ ಕ್ಯಾಮೆರಾದ ಅಧಿಕಾರ ಕೈ ಬದಲಿಸಬಹುದು. ಇದನ್ನು ಬೇಕೆಂದೇ ಮಾಡಿ ತೋರಿಸಿದವರಲ್ಲಿ ಒಬ್ಬಾಕೆ ಬ್ರಿಟನ್ನಿನ ಜೋ ಸ್ಪೆನ್ಸ್. ನಮ್ಮೂರ ಪೇಟೆಯ ಸ್ಟುಡಿಯೋಗಳ ಹಾಗೆ ಮದುವೆ, ಮಕ್ಕಳ ಫೋಟೋ ತೆಗೆಯುವ ಸ್ಟುಡಿಯೋವನ್ನು ಕೆಲ ವರ್ಷ ನಡೆಸಿದವಳು. 1982ರಲ್ಲಿ ಅವಳಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ನಿಗೆ ಮೊದಲು, ಇದು ಜೋ ಸ್ಪೆನ್ಸಳ ಸ್ವತ್ತೋ ಅಂತ ಪ್ರಶ್ನೆಯ ರೂಪದಲ್ಲಿ ತನ್ನ ಎದೆಯ ಮೇಲೇ ಬರೆದುಕೊಂಡು ಫೋಟೋ ತೆಗೆಸಿಕೊಂಡಳು. ಆಮೇಲೆ ರೋಸಿ ಮಾರ್ಟಿನ್ ಎಂಬ ಗೆಳತಿಯ ಜೊತೆ ಸೇರಿ ‘ಫೋಟೋ ಥೆರಪಿ’ ಶುರುಮಾಡಿದಳು. ಇಬ್ಬರೂ ಸರದಿಯಂತೆ ಕ್ಯಾಮೆರಾದ ಹಿಂದೆ ಮುಂದೆ ನಿಲ್ಲುತ್ತಿದ್ದರು. ಯಾವ ನೆನಪನ್ನು ಎದುರಿಸಬೇಕು, ಹೇಗೆ ಕಾಣಿಸಿಕೊಳ್ಳಬೇಕು ಅನ್ನುವುದನ್ನು ಮುಂದೆ ನಿಂತವಳೇ ಹೇಳುವುದು. ಡೈಮಂಡನ ಆಲೋಚನೆಯನ್ನೇ ತಿರುಗಿಸಿ ಹಾಕಿದ ಹಾಗೆ.

ನಮ್ಮಲ್ಲಿ ಈ ಪ್ರಶ್ನೆ ಕಠೋರವಾಗಿ ಎದುರಾದದ್ದು ಆಸಿಡ್ ದಾಳಿಗೊಳಗಾದವರ ವಿಷಯದಲ್ಲಿ. 1999ರಲ್ಲಿ ಬೆಂಗಳೂರಿನ ಹಸೀನಾ ಹುಸೇನ್ ಮೇಲೆ, ಅವರು ಬಿಟ್ಟುಬಂದಿದ್ದ ಕೆಲಸದ ಮಾಲೀಕನೇ ಆಸಿಡ್ ಸುರಿದ. ಮುಖ ಸುಟ್ಟಿತು, ಎರಡೂ ಕಣ್ಣು ಹೋಯಿತು. ಆಸಿಡ್ ಎರಚುವವನ ಉದ್ದೇಶವೇ ಅದು, ಇವಳು ಇನ್ನು ಯಾರಿಗೂ ಮುಖ ತೋರಿಸಬಾರದು ಅಂತ. ಹಸೀನಾ ಹೆಸರು, ಮುಖ ಎರಡನ್ನೂ ಮರೆಮಾಡದೆ ಹೊರಗೆ ಬಂದರು, ಆಸಿಡ್ ದಾಳಿಯ ವಿರುದ್ಧದ ಹೋರಾಟದಲ್ಲಿ ನಿಂತರು. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅಪರಾಧಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪತ್ರಿಕೆಯಲ್ಲಿ ಬಂದ ತಮ್ಮ ಫೋಟೋವನ್ನು ಹಸೀನಾ ನೋಡುವ ಹಾಗಿರಲಿಲ್ಲ. ಆದರೂ ಅದು ಬರಲಿ ಅಂದರು. ಫೋಟೋದ ಬಲ ಅದನ್ನು ನೋಡುವುದರಲ್ಲಿ ಮಾತ್ರ ಇಲ್ಲ, ‘ಬರಲಿ’ ಅನ್ನುವುದರಲ್ಲಿಯೂ ಇದೆ ಅಂತ ನನಗೆ ಅರ್ಥವಾದದ್ದು ಇಲ್ಲಿಯೇ.

2014ರಲ್ಲಿ ಉತ್ತರ ಭಾರತದಲ್ಲಿ ರಾಹುಲ್ ಸಹಾರಣ್ ಎಂಬ ಛಾಯಾಗ್ರಾಹಕ, ಆಸಿಡ್ ದಾಳಿಯಿಂದ ಬದುಕುಳಿದ ಹೆಣ್ಣುಮಕ್ಕಳ ಫೋಟೋ ತೆಗೆದ. ಅವರು ತೊಟ್ಟ ಬಟ್ಟೆಗಳನ್ನು ವಿನ್ಯಾಸ ಮಾಡಿದ್ದು ಅವರಲ್ಲೇ ಒಬ್ಬಳಾದ ರೂಪಾ. ಆ ಫೋಟೋಗಳಲ್ಲಿ ಅವರು ನಗುತ್ತಾರೆ, ಪೋಸ್ ಕೊಡುತ್ತಾರೆ. ಅಯ್ಯೋ ಪಾಪ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಫೋಟೋ ಔಷಧಿ ಅಲ್ಲ. ಸುಟ್ಟ ಚರ್ಮಕ್ಕೆ ಸರ್ಜರಿ ಬೇಕು, ಬದುಕಿಗೆ ಕೆಲಸ ಬೇಕು, ಕಾನೂನು ಬೇಕು. 2013ರಲ್ಲಿ ಆಸಿಡ್ ದಾಳಿಗೆಂದೇ ಪ್ರತ್ಯೇಕ ಕಲಂ ಬಂತು, ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ನಿಯಮ ಹಾಕಿತು. ಅವಿಲ್ಲದೆ ಬರೀ ಫೋಟೋ ಇಟ್ಟುಕೊಂಡು ಏನು ಮಾಡುವುದು? ಇನ್ನೊಂದು, ‘ಸ್ಫೂರ್ತಿದಾಯಕ’ ಅಂತ ಬೇರೆಯವರ ಗಾಯದ ಫೋಟೋವನ್ನು ವಾಟ್ಸ್ಯಾಪ್‌ನಲ್ಲಿ ಫಾರ್ವರ್ಡ್ ಮಾಡುವ ನಾವೂ ಕೆಲವೊಮ್ಮೆ ಆ ಎಂಟು ಸಂಪುಟದ ಕೆಲಸವನ್ನೇ ಮುಂದುವರಿಸುತ್ತಿರುತ್ತೇವೆ. ಕೇಳಿದ್ದೇವಾ ಅನ್ನುವುದೊಂದೇ ಪರೀಕ್ಷೆ.

ತುಳಸಿ ಗೌಡರ ಫೋಟೋ ಪೇಪರಿನಲ್ಲಿ ಬಂದ ದಿನ ನಾನು ಊರಲ್ಲಿದ್ದೆ. ವರ್ಕ್ ಫ್ರಂ ಹೋಮ್ ಕಾಲ. ಅತ್ತೆ ಅದನ್ನು ತುಂಬಾ ಹೊತ್ತು ನೋಡಿದರು. ‘ಚಪ್ಪಲಿನೂ ಹಾಕಿದ್ದಿಲ್ಲೆ’ ಅಂದರು, ಅಷ್ಟೇ. ಮುಂದಿನ ಚೌತಿಗೆ ಹೋದಾಗ, ನಾನು ಏನೂ ಕೇಳದೇ, ‘ತಮಾ, ನಿನ್ನ ಕ್ಯಾಮೆರಾ ತಂದಿದ್ಯ?’ ಅಂದರು.

ಬೆಳಗಿನ ಬಿಸಿಲು ಬೀಳುವ ಜಗಲಿಯಲ್ಲಿ ಕೂತರು. ಇಪ್ಪತ್ತಮೂರು ಫೋಟೋ ತೆಗೆದೆ. ನಾನು ಜಾಣತನದಿಂದ ಬಲಗೆನ್ನೆಗೆ ಬೆಳಕು ಬರುವ ಹಾಗೆ ತೆಗೆದದ್ದೇ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ನೋಡಿ, ಅತ್ತೆ ಆರಿಸಿದ್ದು ನೇರವಾಗಿ ನೋಡುತ್ತಿರುವ ಒಂದನ್ನು. ‘ಅದರಲ್ಲಿ ಗಾಯ ಕಾಣ್ತದಲ್ಲ ಅತ್ತೆ’ ಅಂತ ಬಾಯಿ ತಪ್ಪಿ ಅಂದೆ. ‘ಈ ಬದಿ ಇಲ್ದೇ ಹೋದ್ರೆ ಅದು ಯನ್ನ ಫೋಟೋ ಹೆಂಗಾಗ್ತು? ಇದೊಂದು ಇರ್ಲಿ, ಉಳದಿದ್ದೆಲ್ಲ ತೆಗ್ದಾಕು.’ ಡಿಲೀಟ್ ಬಟನ್ ಯಾವುದು ಅಂತ ತೋರಿಸಿದೆ. ಇಪ್ಪತ್ತೆರಡು ಸಲ ಅವರೇ ಒತ್ತಿದರು.

ಪ್ರಿಂಟ್ ಹಾಕಿಸಿ ಕೊಟ್ಟೆ. ಗೋಡೆಗೆ ಹಾಕುತ್ತಾರೆ ಅಂದುಕೊಂಡಿದ್ದೆ, ಹಾಕಲಿಲ್ಲ. ಕಪಾಟಿನಲ್ಲಿ ಬ್ಯಾಂಕಿನ ಪಾಸ್‌ಬುಕ್ ಜೊತೆ ಇಟ್ಟುಕೊಂಡಿದ್ದಾರೆ. ಯಾರಿಗೆ ತೋರಿಸಬೇಕು ಅನ್ನಿಸುತ್ತದೋ ಅವರು ಬಂದಾಗ ತೆಗೆದು ತೋರಿಸುತ್ತಾರೆ. ಉಳಿದವರಿಗೆ ಇಲ್ಲ. ಈ ಬರಹದ ಜೊತೆ ಅದನ್ನು ಹಾಕಲೇ ಅಂತ ಫೋನಿನಲ್ಲಿ ಕೇಳಿದೆ. ಬ್ಯಾಡ ಅಂದರು. ಹಾಗಾಗಿ ಹಾಕಿಲ್ಲ.